ನಡೆದರೆ ಹಿಡಿಯುತ್ತೆ, ನಿಂತರೆ ಬಿಡುತ್ತೆ

ಕೇಳುಗರಿಗೆ ನಮಸ್ಕಾರ. ಕಾಲುನೋವು ತಾನೇ, ವಯಸ್ಸಾಯ್ತಲ್ಲ ಅಂತ ಎಣ್ಣೆ ತಿಕ್ಕಿಕೊಂಡು ಕೂತಿರುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಇವತ್ತು ನನ್ನ ಮಾತು ಅವರ ಜೊತೆ.

ಒಬ್ಬ ನಿವೃತ್ತ ಬಸ್ ಕಂಡಕ್ಟರ್ ನನ್ನ ಹತ್ತಿರ ಬಂದಿದ್ದರು. ಕರೆದುಕೊಂಡು ಬಂದದ್ದು ಅವರ ಹೆಂಡತಿ. "ಡಾಕ್ಟ್ರೇ, ಇವರು ಸಂತೆಗೆ ಹೊರಟರೆ ದಾರೀಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸ್ತಾರೆ, ಮೊದಲು ಹೀಗಿರಲಿಲ್ಲ" ಅಂದರು ಆಕೆ. ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಹೇಳಿದರು: ಇನ್ನೂರು ಹೆಜ್ಜೆ ಹಾಕುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ, ಎರಡು ನಿಮಿಷ ನಿಂತರೆ ಬಿಡುತ್ತೆ, ರಸ್ತೆಯಲ್ಲಿ ಸುಮ್ನೆ ನಿಂತರೆ ಜನ ಏನಂದುಕೊಳ್ಳುತ್ತಾರೋ ಅಂತ ಯಾರನ್ನಾದರೂ ಮಾತಿಗೆಳೆಯೋದು. ಮೂರು ತಿಂಗಳಿಂದ ಮಂಡಿಗೆ ಮುಲಾಮು ಹಚ್ಚುತ್ತಿದ್ದರು. ಮಂಡಿ ಚೆನ್ನಾಗೇ ಇತ್ತು! ದಿನಕ್ಕೊಂದು ಕಟ್ಟು ಬೀಡಿ, ಮೂವತ್ತು ವರ್ಷದಿಂದ. ಪಾದದ ಮೇಲೆ ಬೆರಳಿಟ್ಟೆ, ನಾಡಿ ಸಿಗಲಿಲ್ಲ. ಬಿಪಿ ಪಟ್ಟಿಯನ್ನು ಕಣಕಾಲಿಗೆ ಕಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ಹಿಡಿದು ನೋಡಿದೆ. ತೋಳಲ್ಲಿ 150, ಕಾಲಲ್ಲಿ 90. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.6. ಇದು 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಅಂತ ಅರ್ಥ. ಎದೆನೋವು ಅವರಿಗೆ ಒಂದು ದಿನವೂ ಬಂದಿರಲಿಲ್ಲ, ಆದರೆ ಇಸಿಜಿಯಲ್ಲಿ ಏರುಪೇರು ಕಂಡು ಆಂಜಿಯೋಗ್ರಾಂ ಮಾಡಿಸಿದರೆ ಹೃದಯದ ಎರಡು ನಾಳ ಮುಕ್ಕಾಲು ಭಾಗ ಮುಚ್ಚಿತ್ತು.

ಕಾಲಿಗೊಂದು ರಕ್ತ, ಹೃದಯಕ್ಕೊಂದು ರಕ್ತ ಅಂತ ಇಲ್ಲ, ಅಲ್ವಾ? ಎಲ್‌ಡಿಎಲ್ ಅನ್ನುವ ಕೊಬ್ಬು ನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಹೊಗೆ ಅದಕ್ಕೆ ದಾರಿ ಮಾಡಿಕೊಡುತ್ತವೆ. ಅದರಲ್ಲೂ ಕಾಲಿನ ನಾಳಕ್ಕೆ ಬೀಡಿ, ಸಿಗರೇಟು ಮತ್ತು ಸಕ್ಕರೆ ಕಾಯಿಲೆಯಷ್ಟು ಕೆಟ್ಟದ್ದು ಬೇರೆ ಇಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಂ ಊರಲ್ಲಿ 1948ರಿಂದ 5,209 ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಾ ಬಂದರು, ಈ ಅಪಾಯಗಳು ಬೆಳಕಿಗೆ ಬಂದದ್ದು ಅಲ್ಲಿಂದ. ಹಾಗಾಗಿ ನಡೆದರೆ ಹಿಡಿಯುತ್ತೆ, ನಿಂತರೆ ಬಿಡುತ್ತೆ ಅನ್ನುವ ನೋವಿದ್ದರೆ ಹೃದಯವನ್ನೂ ತೋರಿಸಿ.

"ಎಲ್‌ಡಿಎಲ್ 100ರ ಒಳಗಿದೆ, ನಾರ್ಮಲ್ ಅಂತ ಬರೆದಿದ್ದಾರಲ್ಲ" ಅಂತ ರಿಪೋರ್ಟ್ ಹಿಡಿದು ವಾದಿಸುವವರಿದ್ದಾರೆ. ನಾಳ ಕಟ್ಟಿಕೊಂಡವರಿಗೆ ಆ ನಾರ್ಮಲ್ ಸಾಲದು. 70ರ ಕೆಳಗೆ ಬರಬೇಕು, 55ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಮತ್ತೆ ದಯವಿಟ್ಟು, ರಿಪೋರ್ಟ್ ಚೆನ್ನಾಗಿ ಬಂತು ಅಂತ ಈ ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಡಿ, ಚೆನ್ನಾಗಿ ಬಂದದ್ದೇ ಮಾತ್ರೆಯಿಂದ.

ಸಮಯ ಮುಗಿಯುತ್ತಾ ಬಂತು. ಹೃದಯ ತೋರಿಸಿಕೊಂಡ ಮೇಲೆ ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಮತ್ತೆ ನಡೆಯಿರಿ. ಅರ್ಧ ಗಂಟೆ, ವಾರಕ್ಕೆ 3 ದಿನವಾದರೂ. 3 ತಿಂಗಳಲ್ಲಿ ನಡೆಯುವ ದೂರ ಜಾಸ್ತಿಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಈ ನೋವು ಗೊತ್ತೇ ಆಗದಿರಬಹುದು. ನೀವು ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಗಾಯ ಕಂಡರೆ ಮಾಯಲಿ ಅಂತ ಕಾಯದೆ ತೋರಿಸಿ. ನಮಸ್ಕಾರ.