ಬೂದಿಗಾಡಿಯವರ ಹೊಸವರ್ಷದ ಹಾಳೆ

ಹತ್ತೊಂಬತ್ತನೇ ಶತಮಾನದ ಆಮ್‌ಸ್ಟರ್‌ಡಾಮ್. ಮನೆಮನೆಯ ಬೂದಿ, ಕಸ ಎತ್ತೋರು ಹೊಸವರ್ಷದ ಹೊತ್ತಿಗೆ ಈಗ ಕ್ಯಾಮೆರಾ ಮುಂದಿರೋ ಇಂಥ ಅಚ್ಚಿನ ಹಾಳೆ ಕೊಟ್ಟು ಭಕ್ಷೀಸು ಕೇಳ್ತಿದ್ರು. ಬೀದಿದೀಪ ಹಚ್ಚೋರು, ರಾತ್ರಿ ಕಾವಲಿನೋರೂ ಅಷ್ಟೇ. ಚಿತ್ರ, ಕೆಳಗೆ ಶುಭಾಶಯದ ಪದ್ಯ, ಇಸವಿ. ಆ ಇಸವಿ ನಂಬಿ ಚಿತ್ರದ ವಯಸ್ಸು ಹೇಳಬೇಡಿ. ಹಳೇ ಮರದಚ್ಚು ಇಟ್ಕೊಂಡು ಅಕ್ಷರ ಮಾತ್ರ ಬದಲಾಯಿಸೋದಿತ್ತು. ಚೌಕಟ್ಟಿನ ಗೆರೆ ಇಲ್ಲಿ ತುಂಡಾಗಿದೆ ನೋಡಿ. ಅಚ್ಚು ಸವೆದರೆ ಮೊದಲು ಹೋಗೋದು ಇಂಥ ತೆಳು ಗೆರೆಗಳೇ.

ಈಗ ಗುರಾಣಿ, ಅಂದ್ರೆ ಆಮ್‌ಸ್ಟರ್‌ಡಾಮ್ ಊರಿನ ಲಾಂಛನ. ಮೇಲಿಂದ ಕೆಳಗೆ ಮೂರು ಓರೆ ಶಿಲುಬೆ. ನೀರು, ಬೆಂಕಿ, ಪ್ಲೇಗು, ಊರಿನ ಮೂರು ಗಂಡಾಂತರ ಅಂತ ಎಲ್ಲರೂ ಹೇಳ್ತಾರೆ. ಇದನ್ನ ಕೇಳಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ. ಅದು ಆಮೇಲೆ ಕಟ್ಟಿದ ಕಥೆ. ಇವು ಸಂತ ಆಂಡ್ರ್ಯೂನ ಶಿಲುಬೆಗಳು; ಆ ಕಡೆ ಜಮೀನಿದ್ದ ಪರ್ಸೈನ್ ಮನೆತನದ ಲಾಂಛನದಿಂದ ಬಂದಿರಬೇಕು ಅನ್ನೋ ಊಹೆಗೇ ಹೆಚ್ಚು ತೂಕ. ಪ್ಲೇಗಿನ ಕಥೆ ಹಿಡ್ಕೊಂಡ್ರೆ ಕಸದವರ ಚಿತ್ರವೆಲ್ಲ ರೋಗದ ಚಿತ್ರ ಆಗಿಬಿಡುತ್ತೆ. ಗುರಾಣಿ ಹೇಳ್ತಿರೋದು ಬೇರೆ: ಇವರು ಊರಿನ ಕೆಲಸದವರು, ಯಾರೋ ದಾರಿಹೋಕರು ಬಂದು ಕೈಯೊಡ್ಡಿದ್ದಲ್ಲ. ಮೇಲಿನ ಕಿರೀಟ 1489ರಲ್ಲಿ ದೊರೆ ಮ್ಯಾಕ್ಸಿಮಿಲಿಯನ್ ಕೊಟ್ಟ ಹಕ್ಕು. ಕೆಳಗೆ ಮೂರು ಪದದ ಧ್ಯೇಯವಾಕ್ಯದ ಪಟ್ಟಿ ಇದ್ದರೆ ಹುಷಾರು, ಅದು ಸೇರಿದ್ದು 1947ರಲ್ಲಿ.

ಹಣ್ಣು ತುಂಬಿದ ಈ ಕೊಂಬು ಸಮೃದ್ಧಿಯ ಗುರುತು. ಬರೀ ಅಲಂಕಾರ, ಎಲ್ಲಾ ಶುಭಾಶಯದಲ್ಲೂ ಹಾಕ್ತಾರೆ. ಇಲ್ಲ, ಹಾಗಂದು ಬಿಡೋಕಾಗಲ್ಲ, ಪಕ್ಕದಲ್ಲೇ ಬೂದಿಗಾಡಿ ಇದೆ. ಅಲ್ಲಿನ ಒಲೆಗೆ ಪೀಟ್ ಹಾಕ್ತಿದ್ರು, ಜೌಗುನೆಲದಲ್ಲಿ ಕಡಿದು ಒಣಗಿಸಿದ ಉರುವಲು. ಅದರ ಬೂದಿ ಗೊಬ್ಬರಕ್ಕೆ ಮಾರಾಟ ಆಗ್ತಿತ್ತು. ಉತ್ತರದ ಗ್ರೋನಿಂಗನ್‌ನಲ್ಲಂತೂ ಪೀಟ್ ತಂದ ದೋಣಿಗಳು ವಾಪಸ್ ಹೋಗುವಾಗ ಊರಿನ ಕಸ, ಮಲ ತುಂಬ್ಕೊಂಡು ಹೋಗ್ತಿದ್ವು. ಪೀಟ್ ತೆಗೆದ ಬರಡು ನೆಲ ಹೊಲ ಆಗಿದ್ದೇ ಆ ಗೊಬ್ಬರದಿಂದ. ಗಾಡಿಯ ಪಕ್ಕದ ಕೊಂಬನ್ನ ನಾನು ಹಾಗೇ ಓದ್ತೀನಿ, ಗಾಡಿಯಲ್ಲಿರೋದೇ ಕೊಂಬಿನಲ್ಲಿರೋದು.

ಈ ಬೂದಿಗಾಡಿಯವನ ಕೈಲಿರೋದು ಆಯುಧ ಅಲ್ಲ. ತಿರುಗಿಸಿದ್ರೆ ಕಟಕಟ ಅನ್ನೋ ಮರದ ಸಾಧನ. ಸದ್ದು ಕೇಳಿ ಮನೆಯವರು ಬೂದಿ ಹೊರಗೆ ತರ್ತಿದ್ರು.

ಶಾಟ್ ಮುಗೀತಾ ಇದೆ. ಮೂಲೆಯಲ್ಲಿ ರೆಕ್ಕೆ, ಕುಡುಗೋಲು ಇರೋ ಮುದುಕ ಕಾಲಪುರುಷ, ಇಲ್ಲಿ ವರ್ಷ ತಿರುಗಿದ ಗುರುತು ಅಷ್ಟೇ, ಸಾವು ಅಂತ ಓದಬೇಡಿ. ಹಾಳೆ ಹಿಂದಕ್ಕೆ ತಿರುಗಿಸಿ ಬೆಳಕು ಓರೆ ಮಾಡ್ತೀನಿ: ಅಕ್ಷರ ಒತ್ತಿದ ಉಬ್ಬು ಕಾಣ್ತಿದೆಯಲ್ಲ? ಕಲ್ಲಿನ ಮೇಲೆ ಬರೆದು ಒತ್ತೋ ಕಲ್ಲಚ್ಚಿನಲ್ಲಿ ಇದು ಇರಲ್ಲ.