ರೀಫ್ ಟ್ಯಾಂಕಿಗೆ ಎತ್ತರ ಬೇಡ, ಅಗಲ ಬೇಕು

[ದೃಶ್ಯ: ಮೇಜಿನ ಮೇಲೆ ಎರಡು ಖಾಲಿ ಗಾಜಿನ ಟ್ಯಾಂಕ್]

ರೀಫ್ ಟ್ಯಾಂಕ್ ಅಂದರೆ ಜೀವಂತ ಹವಳ ಸಾಕುವ ಉಪ್ಪು ನೀರಿನ ಟ್ಯಾಂಕ್. ಈ ಎರಡು ಟ್ಯಾಂಕ್ ನೋಡಿ. ಎರಡರಲ್ಲೂ ಹಿಡಿಯುವುದು 54 ಲೀಟರ್ ನೀರೇ. ಇದು 30 ಸೆಂ.ಮೀ. ಉದ್ದ, 30 ಅಗಲ, 60 ಎತ್ತರ. ಅದು 60 ಉದ್ದ, 30 ಅಗಲ, 30 ಎತ್ತರ. ಅಂಗಡಿಯಲ್ಲಿ ಎಲ್ಲರ ಕಣ್ಣೂ ಎತ್ತರದ್ದರ ಮೇಲೆ. ಆದರೆ ಹವಳ ಸಾಕುವವರು ತಗ್ಗಿನದ್ದನ್ನೇ ತಗೊಳ್ಳಿ.

ಬಿಸಿ ಗಂಜಿಯನ್ನು ಚೆಂಬಿನಲ್ಲಿಟ್ಟರೆ ಬೇಗ ಆರುವುದಿಲ್ಲ, ಬಟ್ಟಲಿಗೆ ಸುರಿದರೆ ಆರುತ್ತದೆ ಅಲ್ವಾ? ಗಾಳಿ ತಾಗುವ ಜಾಗ ಜಾಸ್ತಿ. ಆಮ್ಲಜನಕವೂ ನೀರಿಗೆ ಸೇರುವುದು ಮೇಲಿನಿಂದಲೇ. ಎತ್ತರದ್ದಕ್ಕೆ 900 ಚದರ ಸೆಂ.ಮೀ. ಬಾಯಿ, ತಗ್ಗಿನದ್ದಕ್ಕೆ 1800. ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತಾಗ ಈ ವ್ಯತ್ಯಾಸ ಮೀನಿನ ಜೀವ ಉಳಿಸಬಹುದು. ಆಳ ಕಡಿಮೆಯಾದರೆ ತಳದ ಹವಳಕ್ಕೂ ಬೆಳಕು ಚೆನ್ನಾಗಿ ಸಿಗುತ್ತದೆ.

[ದೃಶ್ಯ: ಎತ್ತರದ ಟ್ಯಾಂಕಿನೊಳಗೆ ಕೈ, ಕಂಕುಳವರೆಗೆ]

ನನ್ನ ಮೊದಲ ಟ್ಯಾಂಕ್ ಹೀಗೇ ಇತ್ತು. ತಳಕ್ಕೆ ಬಿದ್ದ ಹವಳದ ತುಂಡು ಎತ್ತಲು ಹೋದೆ. ಮೊಣಕೈ ತಾಗಿ ಮೇಲಿನ ಕಲ್ಲು ಜಾರಿತು. ಎರಡು ವರ್ಷ ಬೆಳೆಸಿದ್ದ ಹವಳ ಅದರಡಿ ಸಿಕ್ಕಿ ಪುಡಿಯಾಯಿತು. ಇವತ್ತಿಗೂ ಬೇಜಾರಾಗುತ್ತದೆ.

ಇನ್ನು ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಇರುವ ಅಗಲ. 30 ಸೆಂ.ಮೀ. ಇದ್ದರೆ ಕಲ್ಲು ಗೋಡೆಯ ಹಾಗೆ ಒಟ್ಟಬೇಕಾಗುತ್ತದೆ. ಪಾಚಿ ಉಜ್ಜಲು ಕಲ್ಲಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಲೇಬೇಕು. 45 ಸಿಕ್ಕಿದರೆ ಗುಡ್ಡೆ, ಗುಹೆ ಎಲ್ಲ ಮಾಡಬಹುದು. ಮುಂದಿನ ಗಾಜು ಬಾಗಿರುವ ಟ್ಯಾಂಕ್ ಬೇಡ, ಉಜ್ಜುವುದು ಕಷ್ಟ.

ಗಾತ್ರಕ್ಕೆ ಬರೋಣ. ಚಿಕ್ಕದಾದರೆ ಸುಲಭ ಅಂದುಕೊಳ್ಳುತ್ತಾರೆ, ಅದು ಉಲ್ಟಾ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಉಪ್ಪಿರುವ 27 ಲೀಟರ್ ನೀರಿನಲ್ಲಿ ಒಂದು ಲೀಟರ್ ಆರಿದರೆ ಉಪ್ಪು 36.3ಕ್ಕೆ ಏರುತ್ತದೆ. 108 ಲೀಟರಿನಲ್ಲಿ ಅಷ್ಟೇ ಆರಿದರೆ 35.3. ಅಗಲದ ಬಾಯಿಯಿಂದ ಜಾಸ್ತಿ ಆರುತ್ತದೆ, ನಿಜ. ದಿನಾ ಆರ್‌ಒ ನೀರು ತುಂಬಿಸಿ, ಉಪ್ಪು ನೀರಲ್ಲ.

ಸೆಕೆಯದ್ದೂ ಇದೇ ಕಥೆ. ಹವಳಕ್ಕೆ 25–26 ಡಿಗ್ರಿ ಹಿತ. ಏಪ್ರಿಲಿನ ಮಂಗಳೂರಿನಲ್ಲಿ ಚಿಕ್ಕ ಟ್ಯಾಂಕಿನ ನೀರು ಬೇಗ ಕಾಯುತ್ತದೆ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ನಮ್ಮ ಗಾಳಿಯಲ್ಲಿ ಮೊದಲೇ ತೇವ ಇರುವುದರಿಂದ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನೀರು ತಂಪು ಮಾಡುವ ಯಂತ್ರ, ಅಂದರೆ ಚಿಲ್ಲರ್‌ಗೆ ಜಾಗ, ದುಡ್ಡು ಎರಡನ್ನೂ ಈಗಲೇ ಎತ್ತಿಡಿ.

ನಾನು ಹೇಳುವ ಅಳತೆ 60×45×40. ನೀರು, ಗಾಜು, ಕಲ್ಲು ಸೇರಿ ಒಂದೂಕಾಲು ಕ್ವಿಂಟಾಲ್ ದಾಟುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ.

[ದೃಶ್ಯ: ಸ್ಟ್ಯಾಂಡಿನ ಮೇಲೆ ಹಳೇ ಪೇಪರ್ ಹಾಸುವ ಕೈ]

ಪೇಪರನ್ನು 60×45ಕ್ಕೆ ಕತ್ತರಿಸಿ, ಇಡುವ ಜಾಗದಲ್ಲಿ ಹಾಸಿ. ಹಿಂದೆ ಪೈಪಿಗೆ ಒಂದು ಗೇಣು ಬಿಡಿ. ಎದುರು ನಿಂತು ಹಿಂದಿನ ಮೂಲೆಗೆ ಕೈ ಚಾಚಿ. ಮುಟ್ಟಿದರೆ ಗಾಜಿನ ಅಂಗಡಿಗೆ ಹೊರಡಿ.