ಹೊಲದ ನಡುವಿನ ಹೊಂಡ ಮತ್ತು ಕಾಡುಬಾತುಗಳು

ಎಲ್ಲರಿಗೂ ನಮಸ್ಕಾರ. ನೀರುಹಕ್ಕಿಗಳನ್ನು ಉಳಿಸುವುದು ಅಂದಕೂಡಲೇ ದೊಡ್ಡ ಕೆರೆ, ಸುತ್ತ ಬೇಲಿ, ಸರ್ಕಾರದ ಬೋರ್ಡು ಕಣ್ಣಮುಂದೆ ಬರುತ್ತದೆ, ಅಲ್ವಾ? ಅದು ಬೇಕೇ ಬೇಕು. ಆದರೆ ನಾನು ಮಾತಾಡಬೇಕೆಂದಿರುವುದು ರೈತರ ಹೊಲದ ಮಧ್ಯೆ ಕೆಲವೇ ವಾರ ನೀರು ನಿಲ್ಲುವ ಸಣ್ಣ ಹೊಂಡಗಳ ಬಗ್ಗೆ. ಅವು ಹೋದರೆ ದೊಡ್ಡ ಕೆರೆಗೆ ಬರಲು ಹಕ್ಕಿಗಳೇ ಉಳಿಯುವುದಿಲ್ಲ.

ಅಮೆರಿಕ ಮತ್ತು ಕೆನಡಾ ಎರಡಕ್ಕೂ ಹಬ್ಬಿರುವ ಬಯಲಿಗೆ ಪ್ರೇರಿ ಪಾಟ್‌ಹೋಲ್ ಪ್ರದೇಶ ಅನ್ನುತ್ತಾರೆ. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಹಿಮನದಿಗಳು ಕರಗಿ ಹಿಂದೆ ಸರಿದಾಗ ಇಲ್ಲಿ ಲಕ್ಷಗಟ್ಟಲೆ ಗುಂಡಿಗಳು ಉಳಿದವು. ಉತ್ತರ ಅಮೆರಿಕದ ಬಾತುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಟ್ಟುವುದು ಇಲ್ಲೇ. ಈ ಗುಂಡಿಗಳಲ್ಲಿ ಬಹುಪಾಲು ಖಾಸಗಿ ಜಮೀನಿನಲ್ಲಿವೆ.

ಹಿಮ ಕರಗುವ ಕಾಲಕ್ಕೆ ಅಲ್ಲಿ ಮೊಣಕಾಲು ಮುಳುಗದಷ್ಟು ನೀರು ನಿಲ್ಲುತ್ತದೆ. ದೊಡ್ಡ ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಇರುವಾಗಲೇ ಈ ನೀರು ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಕೆಸರಿನಲ್ಲಿ ಕೆಂಪು ಹುಳುಗಳು, ಬಸವನಹುಳು, ಉಗುರಿನಷ್ಟು ಸಿಗಡಿಗಳು ಕಾಣಿಸಿಕೊಳ್ಳುತ್ತವೆ. ಮೊಟ್ಟೆಯಿಡುವ ಬಾತಿಗೆ ಬೇಕಿರುವುದು ಇದೇ. ಮಲ್ಲಾರ್ಡ್ ಬಾತು ದಿನಕ್ಕೊಂದರಂತೆ ಒಂಬತ್ತೋ ಹತ್ತೋ ಮೊಟ್ಟೆ ಇಡುತ್ತದೆ. ಬರೀ ಕಾಳು ತಿಂದರೆ ಅಷ್ಟು ಪ್ರೋಟೀನು ಸಿಗುವುದಿಲ್ಲ. ಗೂಡು ಮಾಡುವುದು ನೀರಲ್ಲಿ ಅಲ್ಲ, ಒಣ ಹುಲ್ಲಿನ ನಡುವೆ. ಕೆಲವೊಮ್ಮೆ ನೀರಿನಿಂದ ಒಂದು ಕಿಲೋಮೀಟರ್ ಆಚೆ. ಮರಿ ಹೊರಬಂದ ಒಂದೇ ದಿನಕ್ಕೆ ತಾಯಿ ಅವನ್ನು ನಡೆಸಿಕೊಂಡು ನೀರಿಗೆ ಹೋಗುತ್ತದೆ. ಹಾಗಾಗಿ ಹೊಂಡ ಉಳಿಸಿ ಸುತ್ತಲಿನ ಹುಲ್ಲು ಉತ್ತುಬಿಟ್ಟರೆ ಅರ್ಧ ಕೆಲಸ ಕೆಟ್ಟಂತೆ.

ರೈತನಿಗೆ ಈ ಗುಂಡಿ ತಲೆನೋವು. ಟ್ರ್ಯಾಕ್ಟರ್ ಸುತ್ತುಹಾಕಿ ಹೋಗಬೇಕು, ಬಿತ್ತನೆ ತಡವಾಗುತ್ತದೆ. ಬಸಿಗಾಲುವೆ ತೋಡಿದರೆ ಒಂದಿಷ್ಟು ಜಾಸ್ತಿ ನೆಲ. ಒಂದು ಕಾಲಕ್ಕೆ ಅದಕ್ಕೆ ಸರ್ಕಾರವೇ ದುಡ್ಡು ಕೊಡುತ್ತಿತ್ತು! 1780ರ ದಶಕದಿಂದ ಇನ್ನೂರು ವರ್ಷಗಳಲ್ಲಿ ಅಮೆರಿಕದ ಮುಖ್ಯ ಭೂಭಾಗದ ಜೌಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಇದಕ್ಕೆ ಸುಮ್ನೆ ರೈತರನ್ನು ಬೈದರೆ ಅನ್ಯಾಯ.

1934ರಲ್ಲಿ, ಭೀಕರ ಬರದ ನಡುವೆ, ಅಲ್ಲಿ ಡಕ್ ಸ್ಟಾಂಪ್ ಕಾಯ್ದೆ ಬಂತು. ಬಾತು ಬೇಟೆಗೆ ಹೋಗುವವರು ಪ್ರತಿವರ್ಷ ಡಕ್ ಸ್ಟಾಂಪ್ ಅನ್ನುವ ಚೀಟಿ ಕೊಳ್ಳಲೇಬೇಕು. ಮೊದಲ ಚೀಟಿಯ ಚಿತ್ರ ಬರೆದವರು ವ್ಯಂಗ್ಯಚಿತ್ರಕಾರ ಜೇ ಡಾರ್ಲಿಂಗ್. ಅವತ್ತು ಬೆಲೆ 1 ಡಾಲರ್, ಈಗ 25. ಬೇಟೆಯವರ ದುಡ್ಡಿನಿಂದ ಹಕ್ಕಿ ಉಳಿಸುವುದಾ ಅಂತ ನಿಮಗೆ ಅನ್ನಿಸಬಹುದು. ಆದರೆ ಆ ದುಡ್ಡಿನಿಂದಲೇ ಲಕ್ಷಾಂತರ ಎಕರೆ ಜೌಗು ಉಳಿದಿದೆ.

ಇದೇ ಕಾಯ್ದೆಗೆ 1958ರಲ್ಲಿ ಬಂದ ತಿದ್ದುಪಡಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಸಣ್ಣ ಜೌಗುಗಳಿಗಾಗಿ ರೈತರ ಜೊತೆ ಕರಾರು ಮಾಡಿಕೊಳ್ಳುವ ದಾರಿ ಅದರಿಂದ ತೆರೆಯಿತು. ಜಮೀನು ರೈತನದ್ದೇ. ದನ ಮೇಯಿಸಬಹುದು, ಗುಂಡಿ ತಾನಾಗಿ ಒಣಗಿದ ವರ್ಷ ಬೆಳೆಯನ್ನೂ ಇಡಬಹುದು. ನೀರು ಬಸಿಯುವಂತಿಲ್ಲ, ಮಣ್ಣು ತುಂಬುವಂತಿಲ್ಲ, ಮಟ್ಟ ಮಾಡುವಂತಿಲ್ಲ, ಸುಡುವಂತಿಲ್ಲ. ದುಡ್ಡು ಒಮ್ಮೆ ಸಿಗುತ್ತದೆ, ಕರಾರು ಶಾಶ್ವತ. ಜಮೀನು ಕೈಬದಲಾದರೂ ಬಿಡುವುದಿಲ್ಲ. ಮುಂದೆ 1985ರ ಕೃಷಿ ಕಾಯ್ದೆ, ಜೌಗು ಬಸಿದು ಬೆಳೆ ಇಟ್ಟವರಿಗೆ ಸರ್ಕಾರದ ನೆರವು ನಿಲ್ಲಿಸುವ ಷರತ್ತು ಹಾಕಿತು.

ಸರ್ಕಾರಿ ಜಾಗದಲ್ಲಿ ಬರೀ ನೀರು ತುಂಬಿಸಿಟ್ಟರೂ ಸಾಲದು. ಮುಳುಗದೆ, ಕತ್ತು ಚಾಚಿ ಮೇಯುವ ಬಾತುಗಳಿಗೆ ಆಳ ನೀರಿನ ತಳ ಎಟುಕುವುದಿಲ್ಲ. ಅದಕ್ಕೇ ತೂಬು ತೆರೆದು ನಿಧಾನಕ್ಕೆ ನೀರು ಇಳಿಸುತ್ತಾರೆ. ಒದ್ದೆ ಕೆಸರಿನಲ್ಲಿ ಹುಲ್ಲು, ಕಳೆ ಮೊಳೆತು ಬೀಜ ಕಟ್ಟುತ್ತವೆ. ವಲಸೆಯ ಹೊತ್ತಿಗೆ ಮತ್ತೆ ಒಂದು ಗೇಣು ನೀರು ಬಿಡುತ್ತಾರೆ. ನೋಡಿದವರು ಕೆರೆ ಸತ್ತೇಹೋಯಿತು ಅಂತ ಗಾಬರಿಯಾಗುವ ಆ ತಿಂಗಳುಗಳಲ್ಲೇ ಹಕ್ಕಿಗಳ ಊಟ ತಯಾರಾಗುತ್ತಿರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಭತ್ತದ ಹುಲ್ಲು ಸುಡುವುದಕ್ಕೆ 1991ರ ಕಾನೂನು ಕಡಿವಾಣ ಹಾಕಿದ ಮೇಲೆ, ಕೊಯ್ಲಾದ ಗದ್ದೆಗೆ ಚಳಿಗಾಲದಲ್ಲಿ ನೀರು ಕಟ್ಟುವುದು ಹೆಚ್ಚಾಯಿತು. ಹಕ್ಕಿಗಳು ಉದುರಿದ ಕಾಳು ಹುಡುಕುತ್ತಾ ಕೂಳೆಯನ್ನು ಕೆಸರಿಗೆ ತುಳಿಯುತ್ತವೆ, ಅದು ಬೇಗ ಕೊಳೆಯುತ್ತದೆ. ರೈತನಿಗೂ ಲಾಭ.

2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನದಿ, ಸರೋವರಗಳ ನೀರಿಗೆ ಮೇಲಿಂದಲೇ ಕೂಡಿಕೊಂಡಿರುವ ಜೌಗುಗಳಿಗೆ ಮಾತ್ರ ಕೇಂದ್ರದ ಶುದ್ಧ ನೀರು ಕಾಯ್ದೆಯ ರಕ್ಷಣೆ ಅಂತ. ಹೊಲದ ನಡುವಿನ ಒಂಟಿ ಗುಂಡಿ ಎಲ್ಲಿಗೂ ಕೂಡಿಕೊಂಡಿರುವುದಿಲ್ಲ. ಹಾಗಾಗಿ ಕೃಷಿ ನೆರವಿನ ಆ ಷರತ್ತು ಮತ್ತು ರೈತರು ಸಹಿ ಹಾಕಿರುವ ಕರಾರುಗಳ ಮೇಲೆ ಈಗ ಜಾಸ್ತಿ ಭಾರ ಬಿದ್ದಿದೆ. ಹೊಸ ಕರಾರುಗಳಿಗೆ ದುಡ್ಡು ಒದಗಿಸುವುದು ಮೊದಲು ಆಗಬೇಕಾದ ಕೆಲಸ ಅಂತ ನನಗೆ ಅನ್ನಿಸುತ್ತದೆ.